ಏಕರೂಪ ವೃತ್ತೀಯ ಚಲನೆ: ಮಾದರಿ ವಿಮಾನದ ಕಸರತ್ತಿನ ಮೂಲಕ ಒಂದು ಅಭ್ಯಾಸ ಪಾಠ

ತರಗತಿ: 9
ವಿಷಯ: ವಿಜ್ಞಾನ
ಘಟಕ: ಚಲನೆ
ಉಪಘಟಕ: ಏಕರೂಪ ವೃತ್ತೀಯ ಚಲನೆ
ಅವಧಿ: 40 ನಿಮಿಷಗಳ ಎರಡು ಪಾಠ, ಒಂದು ಹೊರಾಂಗಣ ಪಾಠ

ಪೀಠಿಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಪ್ರೌಢಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ನಮಗೆಲ್ಲ ಒಂದು ಅನುಭವ ಸಾಮಾನ್ಯ. ಏಕರೂಪ ವೃತ್ತೀಯ ಚಲನೆಗೆ ಉದಾಹರಣೆ ಕೇಳಿದರೆ ಮಕ್ಕಳು ಗಡಿಯಾರದ ಮುಳ್ಳು, ಕೃತಕ ಉಪಗ್ರಹ ಎಂದು ಪುಸ್ತಕದ ಉತ್ತರವನ್ನೇ ಹೇಳುತ್ತಾರೆ. ಉತ್ತರ ಸರಿಯಾಗಿರುತ್ತದೆ, ಆದರೆ ಯಾರ ಮನಸ್ಸೂ ಅಲ್ಲಿ ಇರುವುದಿಲ್ಲ. ಮಕ್ಕಳ ಕಣ್ಣು ಅರಳಿಸುವ ಉದಾಹರಣೆ ಬೇಕೆಂದು ನಾನು ರಾಯಬಾಗ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ರೇಡಿಯೋ ನಿಯಂತ್ರಿತ ಮಾದರಿ ವಿಮಾನದ ಕಸರತ್ತನ್ನು ಆರಿಸಿಕೊಂಡೆ. ಕಣ್ಣುಗಳೇನೋ ಅರಳಿದವು. ಆದರೆ ಮೊದಲ ಪಾಠದಲ್ಲಿ ನಾನು ಕಲಿಸಿದ್ದು ತಪ್ಪಾಗಿತ್ತು, ಅದನ್ನು ತೋರಿಸಿಕೊಟ್ಟವಳು ಮೂರನೆಯ ಸಾಲಿನ ಒಬ್ಬ ವಿದ್ಯಾರ್ಥಿನಿ. ಆ ತಪ್ಪು, ಅದನ್ನು ತಿದ್ದಿದ ಎರಡನೆಯ ಪಾಠ ಮತ್ತು ಹೊಲದಲ್ಲಿ ನಡೆದ ಮೂರನೆಯ ಪಾಠದ ವರದಿ ಇದು. ಇದೇ ಘಟಕ ತೆಗೆದುಕೊಳ್ಳುವ ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದೆಂದು ಬರೆದಿದ್ದೇನೆ.

ವಿಷಯದ ಹಿನ್ನೆಲೆ

ವೈಮಾನಿಕ ಕಸರತ್ತು ಎಂದೊಡನೆ ಮಕ್ಕಳಿಗೆ ನೆನಪಾಗುವುದು ವಾಯುಪಡೆಯ ಸೂರ್ಯಕಿರಣ ತಂಡ. ಈ ತಂಡ 1996ರಲ್ಲಿ ನಮ್ಮ ಬೀದರಿನ ವಾಯುನೆಲೆಯಲ್ಲಿ ರೂಪುಗೊಂಡಿತು. ಬೆಂಗಳೂರಿನ ಎಚ್‌ಎಎಲ್ ವಿನ್ಯಾಸಗೊಳಿಸಿದ ಕಿರಣ್ ತರಬೇತಿ ವಿಮಾನಗಳಿಂದ ಆರಂಭಿಸಿ ಈಗ ಹಾಕ್ ವಿಮಾನಗಳನ್ನು ಹಾರಿಸುತ್ತದೆ. ಅಲ್ಲಿ ಚಾಲಕ ವಿಮಾನದ ಒಳಗೇ ಕುಳಿತಿರುತ್ತಾನೆ. ವಿಮಾನ ತಿರುಗಿದರೆ ಅವನ ಮೈಯೂ ತಿರುಗುತ್ತದೆ, ಭಾರ ಹೆಚ್ಚಿದ್ದು ಕಡಿಮೆಯಾದದ್ದು ಅವನ ಮೈಗೇ ತಿಳಿಯುತ್ತದೆ.

ಮಾದರಿ ವಿಮಾನ ಹಾರಿಸುವವನು ನೆಲದ ಮೇಲೆ ನಿಂತಿರುತ್ತಾನೆ. ಕೈಯಲ್ಲಿ ಎರಡು ಚಿಕ್ಕ ಕೋಲುಗಳಿರುವ ಟ್ರಾನ್ಸ್‌ಮಿಟರ್. ಅವುಗಳಿಂದ ನಾಲ್ಕು ಕೆಲಸ: ಮೋಟಾರಿನ ವೇಗ, ಮೂತಿಯನ್ನು ಎತ್ತಿ ಇಳಿಸುವ ಎಲಿವೇಟರ್, ರೆಕ್ಕೆಯನ್ನು ವಾಲಿಸುವ ಏಲೆರಾನ್, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್. ವಿಮಾನಕ್ಕೆ ಏನಾಗುತ್ತಿದೆ ಎಂದು ತಿಳಿಯಲು ಅವನಿಗೆ ಇರುವುದು ಕಣ್ಣೊಂದೇ.

ಈ ಹವ್ಯಾಸದಲ್ಲಿ ಎರಡು ದಾರಿಗಳಿವೆ. ಒಂದು, ವಿಮಾನವನ್ನು ಮನಬಂದಂತೆ ಹೊರಳಾಡಿಸಿ ನೋಡುವವರನ್ನು ಬೆರಗಾಗಿಸುವುದು. ಇನ್ನೊಂದು, ಮೊದಲೇ ಗೊತ್ತುಮಾಡಿದ ಆಕೃತಿಗಳನ್ನು ಗೊತ್ತುಮಾಡಿದ ಕ್ರಮದಲ್ಲಿ ಆಕಾಶದಲ್ಲಿ ಬರೆಯುವುದು: ನೇರ ಗೆರೆ, ಲೂಪ್ ಎನ್ನುವ ಲಂಬ ಸುತ್ತು, ರೋಲ್ ಎನ್ನುವ ಉರುಳು. ಇದೇ ಕರಾರುವಾಕ್ಕು ಕಸರತ್ತು. ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟ ಇದನ್ನು ಎಫ್3ಎ ಎಂಬ ವರ್ಗದಲ್ಲಿಟ್ಟಿದೆ. ಇದರ ಮೊದಲ ವಿಶ್ವ ಸ್ಪರ್ಧೆ 1960ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆಯಿತು. ವಿಮಾನದ ಉದ್ದವಾಗಲಿ ರೆಕ್ಕೆಗಳ ಅಗಲವಾಗಲಿ 2 ಮೀಟರ್ ಮೀರುವಂತಿಲ್ಲ. ಚಾಲಕನಿಂದ ಸುಮಾರು 150 ಮೀಟರ್ ದೂರದಲ್ಲಿ, ನಡುಗೆರೆಯಿಂದ ಎಡಕ್ಕೆ 60 ಡಿಗ್ರಿ, ಬಲಕ್ಕೆ 60 ಡಿಗ್ರಿ, ಮೇಲಕ್ಕೆ 60 ಡಿಗ್ರಿ ಇರುವ ಕಾಣದ ಚೌಕಟ್ಟಿನೊಳಗೆ ಎಲ್ಲವೂ ನಡೆಯಬೇಕು. ಪ್ರತಿ ಆಕೃತಿಗೂ ತೀರ್ಪುಗಾರರು 10 ಅಂಕದಿಂದ ಆರಂಭಿಸಿ ತಪ್ಪಿಗೆ ತಕ್ಕಂತೆ ಕಳೆಯುತ್ತಾರೆ. ಗೆರೆ 15 ಡಿಗ್ರಿ ವಾಲಿದರೆ 1 ಅಂಕ ಹೋಯಿತು ಎಂಬುದು ಅಂದಾಜು ಲೆಕ್ಕ. ಉಳಿದ ಅಂಕವನ್ನು ಆ ಆಕೃತಿಯ ಕಠಿಣತೆಯ ಗುಣಾಂಕದಿಂದ ಗುಣಿಸುತ್ತಾರೆ.

ಇದರ ಆಕರ್ಷಣೆ ಎಲ್ಲಿದೆ? ಕಾಗದದ ಮೇಲೆ ಕೈವಾರದಿಂದ ವೃತ್ತ ಎಳೆಯುವುದು ಸುಲಭ. ಗಾಳಿ ಬೀಸುತ್ತಿರುವಾಗ, ಭೂಮಿ ಕೆಳಗೆ ಎಳೆಯುತ್ತಿರುವಾಗ, 150 ಮೀಟರ್ ದೂರದಲ್ಲಿ, ಕೈವಾರವಿಲ್ಲದೆ ಅದೇ ವೃತ್ತವನ್ನು ಎಳೆಯಬೇಕು. ಎಳೆದ ಗೆರೆ ಎಳೆಯುತ್ತಿದ್ದಂತೆಯೇ ಅಳಿಸಿಹೋಗುತ್ತದೆ. ಮುಂದಿನ ಸಲ ಮತ್ತೆ ಮೊದಲಿನಿಂದ.

ಮೊದಲ ಪಾಠ: ಆದ ತಪ್ಪು

ಮೊದಲ ಪಾಠದಲ್ಲಿ ಮೊಬೈಲಿನಲ್ಲಿ ಲೂಪಿನ ವಿಡಿಯೋ ತೋರಿಸಿ, ಹಲಗೆಯ ಮೇಲೆ ವೃತ್ತ ಬರೆದು, "ವಿಮಾನ ಸಮ ವೇಗದಲ್ಲಿ ಹೀಗೆ ಸುತ್ತುತ್ತದೆ, ಆದ್ದರಿಂದ ಇದು ಏಕರೂಪ ವೃತ್ತೀಯ ಚಲನೆ" ಎಂದು ಹೇಳಿದೆ. v = 2πr/t ಸೂತ್ರಕ್ಕೆ ಹೋಗುವಷ್ಟರಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು.

"ಸರ್, ಕಬ್ಬಿನ ಟ್ರ್ಯಾಕ್ಟರ್ ಏರ ಹತ್ತೂ ಮುಂದ ಸಾವಕಾಶ ಆಕ್ಕೈತ್ರಿ, ಇಳಿಯೂ ಮುಂದ ಜೋರ ಓಡತೈತ್ರಿ. ವಿಮಾನ ಹೆಂಗ್ರಿ ಒಂದ ಸವನ ಸುತ್ತತೈತಿ?"

"ಅದಕ್ಕೆ ಮೋಟಾರ್ ಇರುತ್ತದಲ್ಲ" ಎಂದು ಹೇಳಿ ನಾನು ಮುಂದೆ ಹೋದೆ. ಟ್ರ್ಯಾಕ್ಟರಿಗೂ ಮೋಟಾರ್ ಇರುತ್ತದೆ ಎಂಬುದು ನನಗೆ ಹೊಳೆದದ್ದು ಗಂಟೆ ಬಾರಿಸಿದ ಮೇಲೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪತ್ರದಲ್ಲಿ ಉಪಕರಣಕ್ಕೆ, ಧ್ವನಿಗೆ, ಹಲಗೆಯ ಬರಹಕ್ಕೆ ಒಳ್ಳೆಯ ಅಂಕ ಕೊಟ್ಟಿದ್ದರು. ಕೆಳಗೆ ಒಂದೇ ಸಾಲು: "ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ." ಆ ಹುಡುಗಿ ಆ ಅವಧಿಯಲ್ಲಿ ಮತ್ತೆ ಕೈ ಎತ್ತಲಿಲ್ಲ. ಅಂಕಗಳಿಗಿಂತ ಆ ಒಂದು ಸಾಲು ಮತ್ತು ಮತ್ತೆ ಮೇಲೇಳದ ಆ ಕೈ ನನ್ನನ್ನು ಹೆಚ್ಚು ಕಾಡಿದವು.

ಅವಳ ಪ್ರಶ್ನೆ ಸರಿಯಾಗಿತ್ತು. ಲಂಬ ಸುತ್ತಿನಲ್ಲಿ ವೇಗ ತಾನಾಗಿ ಸಮನಾಗಿ ಉಳಿಯುವುದಿಲ್ಲ. ಉಳಿಸಿಕೊಳ್ಳಬೇಕಾಗುತ್ತದೆ.

ಎರಡನೆಯ ಪಾಠದ ಯೋಜನೆ

ಕಲಿಕಾ ಫಲಗಳು
1. ಏಕರೂಪ ವೃತ್ತೀಯ ಚಲನೆಯಲ್ಲಿ ವೇಗದ ಪ್ರಮಾಣ ಸಮನಾಗಿದ್ದರೂ ದಿಕ್ಕು ಬದಲಾಗುತ್ತಲೇ ಇರುತ್ತದೆ ಎಂದು ವಿವರಿಸುವರು.
2. ಲಂಬ ವೃತ್ತದಲ್ಲಿ ಸಮ ಚಲನೆಗೆ ಅಸಮ ಬಲ ಬೇಕೆಂದು ಅನುಭವದಿಂದ ತಿಳಿಯುವರು.
3. v = 2πr/t ಸೂತ್ರವನ್ನು ಅನ್ವಯಿಸುವರು.

ಬೋಧನೋಪಕರಣಗಳು: ನೀರು ತುಂಬಿದ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ, ಗಟ್ಟಿ ಹುರಿ, ಥರ್ಮಾಕೋಲಿನಲ್ಲಿ ಕತ್ತರಿಸಿದ ವಿಮಾನ, ಬಣ್ಣದ ಸೀಮೆಸುಣ್ಣ.

ತೊಡಗಿಸಿಕೊಳ್ಳುವಿಕೆ: ಹಿಂದಿನ ದಿನದ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಹಲಗೆಯ ಮೇಲೆ ಬರೆದೆ. "ನಿನ್ನೆ ನಾನು ಹೇಳಿದ ಉತ್ತರ ಸರಿಯಿರಲಿಲ್ಲ. ಇಂದು ಎಲ್ಲರೂ ಸೇರಿ ಉತ್ತರ ಹುಡುಕೋಣ" ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ನಂತರದ ನಲವತ್ತು ನಿಮಿಷ ಯಾರೂ ಸುಮ್ಮನಿರಲಿಲ್ಲ.

ಪರಿಶೋಧಿಸುವಿಕೆ: ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು, ಹುರಿಗೆ ಕಟ್ಟಿದ ಬಾಟಲಿಯನ್ನು ಒಬ್ಬೊಬ್ಬರಾಗಿ ಮೇಲಿಂದ ಕೆಳಕ್ಕೆ ಸುತ್ತಿಸಲು ಹೇಳಿದೆ. ಉಳಿದವರು ಹತ್ತು ಹೆಜ್ಜೆ ದೂರ. ಒಂದೇ ಪ್ರಶ್ನೆ: ಕೈಗೆ ಎಲ್ಲಿ ಹೆಚ್ಚು ಜಗ್ಗುತ್ತದೆ? ಎಲ್ಲರ ಉತ್ತರವೂ ಒಂದೇ: ಬಾಟಲಿ ಕೆಳಗಿದ್ದಾಗ ಹೆಚ್ಚು, ತಲೆಯ ಮೇಲಿದ್ದಾಗ ಕಡಿಮೆ. ನಿಧಾನವಾಗಿ ಸುತ್ತಿದ ಹುಡುಗನ ಹುರಿ ಮೇಲೆ ಸಡಿಲಾಗಿ ಬಾಟಲಿ ಬಿದ್ದೇಬಿಟ್ಟಿತು.

ವಿವರಿಸುವಿಕೆ: ಈಗ ಹುರಿಯ ಬದಲು ರೆಕ್ಕೆ ಎಂದುಕೊಳ್ಳೋಣ. ಬಾಟಲಿಯನ್ನು ಕೇಂದ್ರದ ಕಡೆಗೆ ಹುರಿ ಎಳೆದಂತೆ ವಿಮಾನವನ್ನು ರೆಕ್ಕೆಯ ಎತ್ತುಬಲ ತಳ್ಳುತ್ತದೆ. ಲೆಕ್ಕ ಸುಲಭವಾಗಲೆಂದು 1 ಕಿಲೋಗ್ರಾಂ ವಿಮಾನ, 20 ಮೀಟರ್ ತ್ರಿಜ್ಯ, ಸೆಕೆಂಡಿಗೆ 20 ಮೀಟರ್ ವೇಗ, ಗುರುತ್ವ ವೇಗೋತ್ಕರ್ಷ 10 ಎಂದು ಇಟ್ಟುಕೊಂಡೆ. ಒಂದು ಸುತ್ತಿಗೆ ಬೇಕಾಗುವ ಕಾಲ 2 × 3.14 × 20 ÷ 20 = 6.28 ಸೆಕೆಂಡು. ಇದನ್ನು ಮಕ್ಕಳೇ ಬಿಡಿಸಿದರು.

ಮುಂದಿನ ಲೆಕ್ಕ ಒಂಬತ್ತನೆಯ ತರಗತಿಯ ಪಠ್ಯದಲ್ಲಿಲ್ಲ, ಶಿಕ್ಷಕರಿಗೆ ಮಾತ್ರ. ವೃತ್ತದಲ್ಲಿ ಉಳಿಯಲು ಕೇಂದ್ರದ ಕಡೆಗೆ ಬೇಕಾದ ಬಲ mv²/r, ಅಂದರೆ 20 ನ್ಯೂಟನ್. ವಿಮಾನದ ತೂಕ 10 ನ್ಯೂಟನ್. ಕೆಳತುದಿಯಲ್ಲಿ ತೂಕ ಕೇಂದ್ರಕ್ಕೆ ವಿರುದ್ಧವಾಗಿ ಎಳೆಯುವುದರಿಂದ ರೆಕ್ಕೆ 30 ನ್ಯೂಟನ್ ಕೊಡಬೇಕು. ವಿಮಾನ ನೆಟ್ಟಗೆ ಮೇಲೇರುವಾಗ 20. ಮೇಲ್ತುದಿಯಲ್ಲಿ ತೂಕವೇ ಕೇಂದ್ರದ ಕಡೆ ಎಳೆಯುವುದರಿಂದ 10 ಸಾಕು. ಮಕ್ಕಳಿಗೆ ಸೂತ್ರ ಹೇಳಲಿಲ್ಲ. ವೃತ್ತದ ಕೆಳಗೆ 3, ಬದಿಗೆ 2, ಮೇಲೆ 1 ಎಂದು ಬರೆದು, "ಬಾಟಲಿ ಸುತ್ತಿದಾಗ ನಿಮ್ಮ ಕೈ ಹೇಳಿದ್ದೂ ಇದನ್ನೇ ಅಲ್ಲವೇ?" ಎಂದು ಕೇಳಿದೆ.

ಈ 3:2:1 ವೇಗವನ್ನು ಸಮನಾಗಿ ಕಾಯ್ದುಕೊಂಡಾಗ ಮಾತ್ರ. ಕಾಯ್ದುಕೊಳ್ಳದಿದ್ದರೆ? ಮೋಟಾರಿನ ನೆರವೂ ಇಲ್ಲ, ಗಾಳಿಯ ತಡೆಯೂ ಇಲ್ಲ ಎಂದುಕೊಂಡು, ಕೆಳಗೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೊರಟ ವಿಮಾನದ ಚಲನಶಕ್ತಿ 450 ಜೌಲ್. 40 ಮೀಟರ್ ಏರುವಲ್ಲಿ 400 ಜೌಲ್ ಖರ್ಚಾಗುತ್ತದೆ. ಉಳಿದದ್ದು 50 ಜೌಲ್, ಅಂದರೆ ಮೇಲ್ತುದಿಯಲ್ಲಿ ವೇಗ ಸೆಕೆಂಡಿಗೆ ಬರೀ 10 ಮೀಟರ್. "ಕಾರ್ಯ ಮತ್ತು ಶಕ್ತಿ" ಘಟಕ ಮುಗಿದಿದ್ದರೆ ಈ ಲೆಕ್ಕವನ್ನು ಮಕ್ಕಳೇ ಮಾಡಬಲ್ಲರು. ಕಬ್ಬಿನ ಟ್ರ್ಯಾಕ್ಟರಿನ ಮಾತು ಅಂಕಿಯಲ್ಲೇ ಕಂಡಿತು. ಈ ನಿಧಾನ ವೇಗಕ್ಕೆ ಮೇಲೆ ಬೇಕಾದ ಬಲ 5 ನ್ಯೂಟನ್, ತೂಕವೇ 10 ಇದೆ. ವೃತ್ತ ಕುಸಿಯದಂತೆ ಚಾಲಕ ಅಲ್ಲಿ ಕೋಲನ್ನು ಎಳೆಯುವ ಬದಲು ಒತ್ತಬೇಕಾಗುತ್ತದೆ! ಆದ್ದರಿಂದ ಅನುಭವಿ ಚಾಲಕ ಏರುವಾಗ ಮೋಟಾರಿನ ವೇಗ ಹೆಚ್ಚಿಸುತ್ತಾನೆ, ಇಳಿಯುವಾಗ ತಗ್ಗಿಸುತ್ತಾನೆ, ಎಲಿವೇಟರನ್ನು ಸುತ್ತಿನ ಉದ್ದಕ್ಕೂ ಬದಲಿಸುತ್ತಲೇ ಇರುತ್ತಾನೆ. ನೋಡುವವರಿಗೆ ಕಾಣುವುದು ಒಂದೇ ಸಮನಾದ ದುಂಡು ಸುತ್ತು. ಕೈ ಮಾತ್ರ ಒಂದು ಕ್ಷಣವೂ ಸಮನಾಗಿರುವುದಿಲ್ಲ.

ಇಷ್ಟು ಹೇಳಿ ಮುಗಿಸುವ ಮೊದಲೇ ಹಿಂದಿನ ಬೆಂಚಿನಿಂದ ಮಾತು ಬಂತು: "ಪತಂಗನೂ ಹಂಗ ಅಲ್ರಿ ಸರ್. ಮ್ಯಾಲ ಸುಮ್ನ ನಿಂತಂಗ ಕಾಣತೈತಿ, ಕೈ ಸುಮ್ನ ಇರಂಗಿಲ್ಲ. ಜಗ್ಗಬೇಕ, ಬಿಡಬೇಕ. ಇಲ್ಲಂದ್ರ ಗೋತಾ ಹೊಡಿತೈತಿ." ಪಾಠದ ಸಾರಾಂಶವನ್ನು ನಾನು ಹೇಳಬೇಕಾಗಿಯೇ ಬರಲಿಲ್ಲ.

ಎಡ ಯಾವುದು, ಬಲ ಯಾವುದು?

ಮಾದರಿ ವಿಮಾನದಲ್ಲಿ ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲ ನಮ್ಮ ಬಲವೇ. ತಿರುಗಿ ನಮ್ಮ ಕಡೆ ಬರುವಾಗ ಅದರ ಬಲ ನಮ್ಮ ಎಡವಾಗುತ್ತದೆ. ಇದನ್ನು ಹತ್ತು ನಿಮಿಷದ ಆಟವಾಗಿ ಮಾಡಿದೆ. ಒಬ್ಬ ವಿದ್ಯಾರ್ಥಿ ಥರ್ಮಾಕೋಲ್ ವಿಮಾನ ಹಿಡಿದು "ಎಡ", "ಬಲ" ಎಂಬ ಆಜ್ಞೆಯಂತೆ ತನ್ನ ಎಡಬಲಕ್ಕೆ ತಿರುಗುತ್ತ ನಡೆಯಬೇಕು. ಇನ್ನೊಬ್ಬ ಒಂದೇ ಕಡೆ ನಿಂತು ಆಜ್ಞೆ ಕೊಟ್ಟು ಅವನನ್ನು ನೆಲದ ಮೇಲಿನ ವೃತ್ತದ ಗುಂಟ ನಡೆಸಬೇಕು. ವಿಮಾನ ಎದುರಿಗೆ ತಿರುಗಿದೊಡನೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಪ್ಪಿದರು, ನಾನೂ ತಪ್ಪಿದೆ. ಆಗ ಒಬ್ಬ ರೈತನ ಮಗ ದಾರಿ ತೋರಿಸಿದ: "ನಾವ ಎದರಿಗೆ ಬಂದ ನಿಂತ್ರೂ ಎಡಗೋಲ ಎತ್ತ ಎಡಗೋಲನ ಅಲ್ಲೇನ್ರಿ ಸರ್? ಎತ್ತಿನ ಹಿಂದ ನಿಂತಂಗ ತಿಳಕೋಬೇಕ್ರಿ." ಚೌಕಟ್ಟಿನ ಬದಲಾವಣೆ ಎಂಬ ದೊಡ್ಡ ವಿಚಾರವನ್ನು ಅವನು ನೊಗದಿಂದಲೇ ತಂದುಕೊಟ್ಟ.

ಮಾದರಿ ವಿಮಾನದವರು ಕಲಿಸುವ ಇನ್ನೊಂದು ಉಪಾಯವೂ ಇದೆ. ವಿಮಾನ ಎದುರಿಗೆ ಬರುವಾಗ ಯಾವ ರೆಕ್ಕೆ ಕೆಳಗಾಗಿ ಕಾಣುತ್ತದೆಯೋ ಆ ಕಡೆಗೇ ಕೋಲನ್ನು ಒತ್ತಿದರೆ ಅದು ಸಮನಾಗುತ್ತದೆ. ಬೀಳುತ್ತಿರುವ ರೆಕ್ಕೆಗೆ ಆಸರೆ ಕೊಟ್ಟಂತೆ ಎಂದು ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಹೊರಾಂಗಣ ಪಾಠ

ಕಾಲೇಜಿನಲ್ಲಿ ಎನ್‌ಸಿಸಿ ವಾಯುವಿಭಾಗದಲ್ಲಿದ್ದು ಏರೋಮಾಡೆಲಿಂಗ್ ಕಲಿತ ನನ್ನ ಚಿಕ್ಕಮ್ಮನ ಮಗ ತನ್ನ ಫೋಮ್ ವಿಮಾನ ತಂದಿದ್ದ. ತೂಕ ಒಂದು ಕಿಲೋಗೂ ಕಡಿಮೆ. ಕಬ್ಬು ಕಡಿದು ಖಾಲಿಯಾದ ಹೊಲವೊಂದನ್ನು ಮಾಲೀಕರ ಒಪ್ಪಿಗೆ ಪಡೆದು ಆರಿಸಿದೆವು. ಆಳೆತ್ತರ ಕಬ್ಬು ನಿಂತಿರುವಾಗ ಈ ಪಾಠ ಬೇಡ. ಒಳಗೆ ಬಿದ್ದ ವಿಮಾನ ಸಿಗುವುದು ಕಷ್ಟ, ಹುಡುಕಲು ನುಗ್ಗಿದ ಮಕ್ಕಳನ್ನು ಹುಡುಕುವುದು ಇನ್ನೂ ಕಷ್ಟ.

ಮಕ್ಕಳನ್ನು ಐದೈದು ಜನರ ತೀರ್ಪುಗಾರರ ತಂಡಗಳನ್ನಾಗಿ ಮಾಡಿ, 10ರಿಂದ ಕಳೆಯುವ ನಿಯಮ ವಿವರಿಸಿದೆ. ಮೊದಲ ಲೂಪನ್ನು ಅವನು ಬೇಕೆಂದೇ ಕೋಲನ್ನು ಒಂದೇ ಸಮನೆ ಎಳೆದು ಹಿಡಿದು ಹಾಕಿದ. ಮೇಲೆ ವೇಗ ಕಡಿಮೆಯಾಗಿ ಸುತ್ತು ಚೂಪಾಯಿತು, ಆಕೃತಿ ಮೊಟ್ಟೆಯಂತಾಯಿತು. ಮಕ್ಕಳು 4, 5 ಎಂದು ಅಂಕ ಕೊಟ್ಟರು. ಎರಡನೆಯದರಲ್ಲಿ ಕೈ ಬದಲಿಸುತ್ತ ಹೋದ. ದುಂಡಗಾಯಿತು, ಆದರೆ ಗಾಳಿ ಇಡೀ ವೃತ್ತವನ್ನು ಬದಿಗೆ ತಳ್ಳಿತು. 7 ಸಿಕ್ಕಿತು. ಮೂರನೆಯದರಲ್ಲಿ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡ. ಒಂದು ತಂಡ 9 ಕೊಟ್ಟಿತು, ಹೊಲದ ತುದಿಯಲ್ಲಿ ನಿಂತಿದ್ದ ತಂಡ 6 ಕೊಟ್ಟಿತು. ಜಗಳ ಶುರುವಾಯಿತು. ಬದಿಯಿಂದ ನೋಡಿದವರಿಗೆ ವೃತ್ತ ಚಪ್ಪಟೆಯಾಗಿ ಕಂಡಿದೆ ಎಂಬುದು ಮಕ್ಕಳ ಚರ್ಚೆಯಲ್ಲೇ ಹೊರಬಂತು. ತೀರ್ಪುಗಾರ ಎಲ್ಲಿ ನಿಂತಿದ್ದಾನೆ ಎಂಬುದೂ ಅಳತೆಯ ಭಾಗ ಎಂದು ನಾನು ಸೇರಿಸಿದೆ.

ಕೊನೆಗೆ ನಿಧಾನ ರೋಲ್. ವಿಮಾನ ನೇರ ಗೆರೆಯಲ್ಲಿ ಹೋಗುತ್ತಲೇ ಒಂದು ಪೂರ್ಣ ಉರುಳು ಉರುಳಬೇಕು. ರೆಕ್ಕೆ ನೆಟ್ಟಗೆ ನಿಂತಾಗ ಅದು ಭಾರ ಹೊರುವುದಿಲ್ಲ, ರಡ್ಡರಿನಿಂದ ಮೂತಿ ಎತ್ತಿ ಹಿಡಿಯಬೇಕು. ತಲೆಕೆಳಗಾದಾಗ ಎಲಿವೇಟರನ್ನು ಒತ್ತಬೇಕು. ಇನ್ನೊಂದು ಬದಿಗೆ ಬಂದಾಗ ರಡ್ಡರನ್ನು ವಿರುದ್ಧವಾಗಿ ಹಿಡಿಯಬೇಕು. ಆ ರೋಲ್ ಮುಗಿಯುವಾಗ ವಿಮಾನ ಎರಡು ಮಾರು ಕೆಳಗಿಳಿದಿತ್ತು. "ಎರಡು ವರ್ಷದಿಂದ ಮಾಡುತ್ತಿದ್ದೇನೆ, ಇನ್ನೂ ಇಳಿಯುತ್ತದೆ" ಎಂದು ಅವನು ಮಕ್ಕಳೆದುರೇ ಹೇಳಿದ. ಆ ಮಾತು ಮಕ್ಕಳಿಗೆ ಇಷ್ಟವಾಯಿತು. ಅಂಕವನ್ನು ಮಾತ್ರ ಬಿಡದೆ ಕಳೆದರು.

ಸುರಕ್ಷತೆ ಮತ್ತು ನಿಯಮ

2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ಪೂರ್ವಾನುಮತಿ ಇಲ್ಲದೆ ಹಾರಿಸಬಹುದಾದ ಎತ್ತರ 400 ಅಡಿ, ಅಂದರೆ 120 ಮೀಟರ್. ವಿಮಾನ ಕಣ್ಣಿನ ದೃಷ್ಟಿಯಲ್ಲೇ ಇರಬೇಕು. ವಲಯ ಯಾವುದೆಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಾರಿಸುವ ದಿನವೇ ನೋಡಿಕೊಳ್ಳಬೇಕು. ವಿದ್ಯುತ್ ತಂತಿ, ರಸ್ತೆ, ದನಕರುಗಳಿಂದ ದೂರವಿರಬೇಕು. ಮಕ್ಕಳು ಚಾಲಕನ ಹಿಂದೆ, ಸುಣ್ಣದ ಗೆರೆಯ ಆಚೆಗೆ. ಬ್ಯಾಟರಿ ಜೋಡಿಸಿದ ಮೇಲೆ ಪ್ರೊಪೆಲ್ಲರಿನ ಹತ್ತಿರ ಯಾರೂ ಕೈ ಒಯ್ಯಬಾರದು. ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ ಇಲ್ಲದೆ ಮಕ್ಕಳನ್ನು ಶಾಲೆಯ ಹೊರಗೆ ಕರೆದೊಯ್ಯಬಾರದು.

ಹತ್ತನೆಯ ತರಗತಿಗೆ ಇಲ್ಲಿಯೇ ಒಂದು ಒಳ್ಳೆಯ ತ್ರಿಕೋನಮಿತಿ ಲೆಕ್ಕವಿದೆ. 150 ಮೀಟರ್ ದೂರದಲ್ಲಿ 60 ಡಿಗ್ರಿ ಕೋನದ ಎತ್ತರ ಎಷ್ಟು? 150 × 1.732, ಸುಮಾರು 260 ಮೀಟರ್. ಸ್ಪರ್ಧೆಯ ಪೂರ್ಣ ಚೌಕಟ್ಟು ಹಸಿರು ವಲಯದ ಮಿತಿಯೊಳಗೆ ಹಿಡಿಯುವುದಿಲ್ಲ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

ಮೌಲ್ಯಮಾಪನ

1. ತ್ರಿಜ್ಯ 30 ಮೀಟರ್, ವೇಗ ಸೆಕೆಂಡಿಗೆ 20 ಮೀಟರ್ ಆದರೆ ಒಂದು ಸುತ್ತಿಗೆ ಎಷ್ಟು ಕಾಲ?
2. ವೇಗದ ಪ್ರಮಾಣ ಬದಲಾಗದಿದ್ದರೂ ವೃತ್ತೀಯ ಚಲನೆಯನ್ನು ವೇಗೋತ್ಕರ್ಷಿತ ಚಲನೆ ಎನ್ನುವುದೇಕೆ?
3. ಕಠಿಣತೆ 2 ಇರುವ ಆಕೃತಿಗೆ 9 ಅಂಕ, ಕಠಿಣತೆ 4 ಇರುವ ಆಕೃತಿಗೆ 6 ಅಂಕ. ಯಾವುದು ಹೆಚ್ಚು ತಂದುಕೊಟ್ಟಿತು? ಸುಲಭವಾದದ್ದನ್ನೇ ಆರಿಸಿಕೊಳ್ಳುವುದು ಲಾಭವೇ?
4. ನಿಮ್ಮ ಮನೆಯಲ್ಲಿ, ಹೊಲದಲ್ಲಿ ಸಮನಾಗಿ ಕಾಣುವ ಆದರೆ ಕೈ ಸಮನಾಗಿರದ ಒಂದು ಕೆಲಸ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ಇಟ್ಟುಕೊಂಡಿದ್ದೇನೆ. ಅವ್ವ ರೊಟ್ಟಿ ಬಡಿಯುವುದು, ಅಪ್ಪ ಸಾಲು ಹೊಡೆಯುವುದು, ಅಜ್ಜ ಚಪ್ಪಲಿಯ ಅಟ್ಟೆ ಕತ್ತರಿಸುವುದು. ಅಥಣಿ ಕಡೆಯ ಶಾಲೆಗಳಲ್ಲಿ ಚಪ್ಪಲಿಯ ಉತ್ತರ ಇನ್ನೂ ಹೆಚ್ಚು ಬರಬಹುದು. ನಿಪ್ಪಾಣಿ ಕಡೆಯ ಮಕ್ಕಳಿಗೆ ಬೆಳಗಾವಿ ಹೆದ್ದಾರಿಯಲ್ಲಿ ಸಿಗುವ ಹತ್ತರಗಿಯ ಕೈಗಾರಿಕಾ ವಲಯವನ್ನು ನೆನಪಿಸಬಹುದು. ಅಲ್ಲಿ ನಿಜವಾದ ವಿಮಾನಗಳಿಗೆ ಕರಾರುವಾಕ್ಕಾದ ಬಿಡಿಭಾಗಗಳು ತಯಾರಾಗುತ್ತವೆ.

ಅವಲೋಕನ

"ಇದಕ್ಕ ರೊಕ್ಕ ಎಷ್ಟ್ರಿ?" ಎಂದು ಮಕ್ಕಳು ಕೇಳಿದರು. ಸ್ಪರ್ಧೆಯ ಮಟ್ಟದ ವಿಮಾನಕ್ಕೆ ಲಕ್ಷಗಟ್ಟಲೆ ಬೇಕು. ಇಂತಹ ಉದಾಹರಣೆ ಸರಕಾರಿ ಶಾಲೆಗೆ ಏಕೆ ಎಂದು ಸಹಪಾಠಿಗಳೂ ಕೇಳಿದರು. ನನ್ನ ಅನುಭವ ಹೇಳುವುದಿಷ್ಟು: ಪಾಠವನ್ನು ಎತ್ತಿಹಿಡಿದದ್ದು ವಿಮಾನವಲ್ಲ, ಒಂದು ಬಾಟಲಿ, ಒಂದು ಮಾರು ಹುರಿ, ಟ್ರ್ಯಾಕ್ಟರು, ಎತ್ತು, ಪತಂಗ. ವಿಮಾನ ಸಿಗದಿದ್ದರೂ ಎರಡನೆಯ ಪಾಠ ಪೂರ್ಣವಾಗಿಯೇ ನಡೆಯುತ್ತದೆ.

ಮೊದಲ ಪಾಠದಲ್ಲಿ ನನ್ನ ಯೋಜನೆ ಅಚ್ಚುಕಟ್ಟಾಗಿತ್ತು. ಬರೆದುಕೊಂಡಂತೆಯೇ, ಒಂದೇ ಸಮನೆ ನಡೆಸಿದೆ. ಕೋಲನ್ನು ಒಂದೇ ಸಮನೆ ಹಿಡಿದ ಲೂಪಿನಂತೆ ಅದು ಮೇಲೆ ಹೋಗಿ ಚೂಪಾಯಿತು. ಪ್ರಶ್ನೆ ಬಂದಲ್ಲಿ ಕೈ ಬದಲಿಸಬೇಕಿತ್ತು. ವೀಕ್ಷಕರು ಈ ಸಲ ಅಂಕಗಳ ಕೆಳಗೆ ಏನನ್ನೂ ಬರೆಯಲಿಲ್ಲ. ಹೊಲದಿಂದ ಮರಳುವಾಗ ಟ್ರ್ಯಾಕ್ಟರಿನ ಪ್ರಶ್ನೆ ಕೇಳಿದ ಹುಡುಗಿ ಮತ್ತೆ ಹತ್ತಿರ ಬಂದಳು.

"ಸರ್, ಗಾಳಿ ಇಲ್ದ ಚಂದ್ರನ ಮ್ಯಾಲ ಈ ವಿಮಾನ ಲೂಪ್ ಹಾಕತೈತೇನ್ರಿ?"

ಉತ್ತರ ಹೇಳಲಿಲ್ಲ. ಮರುದಿನದ ಪಾಠ ಯೋಜನೆಯ ಮೊದಲ ಸಾಲಿನಲ್ಲಿ ಬರೆದುಕೊಂಡೆ.